ನಂದಿದುರ್ಗವೂ ಅಲ್ಲಿಯ ಹಳೆಯ ಮನೆಗಳೂ

ನವಲಗುಂದ ಸೀಮೆಯಲ್ಲಿ ಬೆಳೆದವರಿಗೆ ಬೆಟ್ಟವೆಂದರೆ ನವಲಗುಂದದ ಗುಡ್ಡ, ಹೆಚ್ಚೆಂದರೆ ನರಗುಂದದ ಕೋಟೆಯ ಗುಡ್ಡ. ಉಳಿದುದೆಲ್ಲವೂ ಕಣ್ಣು ಹಾಯುವಷ್ಟು ದೂರ ಎರೆಹೊಲ. ಆದುದರಿಂದ ಯಮನೂರು ಮತ್ತು ಸುತ್ತಲಿನ ಹಳ್ಳಿಗಳ ನಮ್ಮ ವಿದ್ಯಾರ್ಥಿನಿಯರನ್ನು ಕರೆದುಕೊಂಡು ರಾಜಧಾನಿಯ ಸಮೀಪದಲ್ಲಿರುವ ನಂದಿದುರ್ಗವನ್ನು ನೋಡಿಬರಬೇಕೆಂಬ ಆಲೋಚನೆ ನಮ್ಮಲ್ಲಿ ಬಹುಕಾಲದಿಂದ ಇದ್ದಿತು. ಹೋಗಿಬಂದ ತರುವಾಯ, ಅಲ್ಲಿ ನೋಡತಕ್ಕದ್ದೇನು, ಮಕ್ಕಳು ಅದರಿಂದ ಕಲಿತದ್ದೇನು ಎಂದು ಕೆಲವು ಪಾಲಕರು ವಿಚಾರಿಸಿದ್ದರಿಂದ ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

ಹುಬ್ಬಳ್ಳಿಯಲ್ಲಿ ರಾತ್ರಿಯ ರೈಲುಗಾಡಿಯನ್ನು ಹತ್ತಿದರೆ ಬೆಳಗಾಗುವಾಗ್ಗೆ ಬೆಂಗಳೂರು. ಆ ನಗರದೊಳಗಿನ ಅರಮನೆಯ ವಿಷಯವಾಗಿ ಒಂದೇ ಮಾತು: ಅದನ್ನು 1862ರಲ್ಲಿ ಕಟ್ಟಿಸತೊಡಗಿದವರು ಅರಸರಲ್ಲ, ಸೆಂಟ್ರಲ್ ಹೈಸ್ಕೂಲಿನ ಮೊದಲನೆಯ ಮುಖ್ಯೋಪಾಧ್ಯಾಯರಾಗಿದ್ದ ರೆವರೆಂಡ್ ಗ್ಯಾರೆಟ್ ಎಂಬ ಪಾದ್ರಿಗಳು. 1873ರಲ್ಲಿ ಅದು ಬಾಲಕರಾಗಿದ್ದ ಚಾಮರಾಜೇಂದ್ರ ಒಡೆಯರಿಗಾಗಿ ಕೊಳ್ಳಲ್ಪಟ್ಟಿತು. ಉಪಾಧ್ಯಾಯರೊಬ್ಬರ ಮನೆ ಅರಮನೆಯಾಯಿತೆಂದು ಕೇಳಿ ನಮ್ಮ ಹುಡುಗಿಯರು ನಮ್ಮ ಮುಖವನ್ನು ನೋಡಿ ನಕ್ಕರು.

ನಗರದಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರು ಹೋದರೆ ಬೆಟ್ಟ. ಅದರ ಬುಡದಲ್ಲಿರುವ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯವನ್ನು ಅನೇಕರು ನೋಡದೆಯೇ ಮೇಲಕ್ಕೆ ಹೋಗುತ್ತಾರೆ. ಇದು ತಪ್ಪು. ಒಂಬತ್ತನೆಯ ಶತಮಾನದಲ್ಲಿ ಆರಂಭವಾದ ಆ ಕಟ್ಟಡಕ್ಕೆ ಚೋಳರೂ ಹೊಯ್ಸಳರೂ ವಿಜಯನಗರದವರೂ ತಮ್ಮ ತಮ್ಮ ಕಾಲದಲ್ಲಿ ಒಂದಿಷ್ಟನ್ನು ಸೇರಿಸಿದರು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅಲ್ಲಿಯ ಕಲ್ಯಾಣಿಯ ಕೆಲಸವನ್ನು ಯಾವ ಮತದವರಾದರೂ ಗೌರವದಿಂದ ನೋಡತಕ್ಕದ್ದು.

ಶಿಖರದ ಎತ್ತರ ಸಮುದ್ರಮಟ್ಟದಿಂದ 1478 ಮೀಟರು. ಮೋಟಾರು ಮೇಲಿನವರೆಗೂ ಹೋಗುತ್ತದೆ. ಕಾಲಿನಲ್ಲಿ ಬಲವುಳ್ಳವರಿಗೆ ಸಾವಿರಕ್ಕೂ ಮಿಕ್ಕಿದ ಕಲ್ಲಿನ ಮೆಟ್ಟಿಲುಗಳುಂಟು. ಸಾವಿರ ಮೀಟರು ಏರಿದರೆ ಶಾಖವು ಸುಮಾರು 6 ಡಿಗ್ರಿಯಷ್ಟು ಇಳಿಯುವುದೆಂದು ಭೂಗೋಲದ ಪುಸ್ತಕದಲ್ಲಿ ಓದಿದ್ದನ್ನು ನಮ್ಮ ಮಕ್ಕಳು ಅಲ್ಲಿ ಮೈಯಿಂದಲೇ ತಿಳಿದರು. ಮುಂಜಾನೆಯ ಮಂಜಿನಲ್ಲಿ ಎದುರಿಗಿದ್ದ ಬಂಡೆಯೂ ಕಾಣದೆ, ಒಬ್ಬರ ಸೆರಗನ್ನು ಒಬ್ಬರು ಹಿಡಿದು ನಡೆದರು. ಬೆಚ್ಚನೆಯ ಬಟ್ಟೆಯನ್ನು ಮರೆಯಬಾರದು. ಬುತ್ತಿಯನ್ನು ಕೈಯಲ್ಲಿ ಹಿಡಿದು ತಿರುಗಬಾರದು. ಅಲ್ಲಿಯ ಮಂಗಗಳು ಬಹಳ ಧೈರ್ಯವಂತವು.

ಈ ತಂಪೇ ಅಲ್ಲಿಯ ಎಲ್ಲ ಮನೆಗಳಿಗೂ ಕಾರಣ. ಚಿಕ್ಕಬಳ್ಳಾಪುರದ ಪಾಳೆಯಗಾರರ ಕೋಟೆಯನ್ನು ಹೈದರಾಲಿಯೂ ಟೀಪುಸುಲ್ತಾನನೂ ಬಲಪಡಿಸಿದರು. ಬೇಸಗೆಯಲ್ಲಿ ಇಳಿದುಕೊಳ್ಳಲು ಟೀಪುವಿನ ಚಿಕ್ಕ ಮನೆಯೊಂದು ಇಂದಿಗೂ ನಿಂತಿದೆ. 1791ನೆಯ ಅಕ್ಟೋಬರದಲ್ಲಿ ಕಾರ್ನ್‌ವಾಲಿಸನ ಸೈನ್ಯವು ಮುತ್ತಿಗೆ ಹಾಕಿ ದುರ್ಗವನ್ನು ಹಿಡಿಯಿತು. ಆಮೇಲೆ, 1834ರಿಂದ 1861ರ ವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಸಾಹೇಬರು ತಮ್ಮ ಬೇಸಗೆಗಳನ್ನು ಇಲ್ಲಿಯ ಬಂಗಲೆಯಲ್ಲಿ ಕಳೆದರು. ಕೆಲಸವನ್ನು ಬಿಟ್ಟು ಸ್ವದೇಶಕ್ಕೆ ಹೊರಟ ಅವರು ಊರನ್ನು ಮುಟ್ಟಲಿಲ್ಲ. ಅದೇ 1861ರಲ್ಲಿ ಸುಯೆಜ್‌ನಲ್ಲಿ ತೀರಿಕೊಂಡರು. 1927ರಲ್ಲಿ ದೇಹಾಲಸ್ಯದಿಂದ ಬಳಲಿದ ಮಹಾತ್ಮಾ ಗಾಂಧಿಯವರು ವಿಶ್ರಾಂತಿಗಾಗಿ ಇದೇ ಬೆಟ್ಟಕ್ಕೆ ಬಂದರು, 1936ರಲ್ಲಿ ಪುನಃ ಬಂದರು. ಕಬ್ಬನ್ನರ ಬಂಗಲೆಗೆ ಈಗ ಗಾಂಧಿನಿಲಯವೆಂದು ಹೆಸರು. ಸುಲ್ತಾನನ ಕೋಟೆಯೊಳಗೆ ಆಂಗ್ಲ ಅಧಿಕಾರಿಯ ಬಂಗಲೆ, ಅದಕ್ಕೆ ಗಾಂಧಿಯವರ ಹೆಸರು! ಇತಿಹಾಸದ ಪಾಠವನ್ನು ಇಷ್ಟು ಸುಲಭವಾಗಿ ಕಲಿಸುವ ಸ್ಥಳ ಬೇರೊಂದು ನಮಗೆ ತಿಳಿಯದು.

ಆದರೆ ನಮ್ಮ ಮಕ್ಕಳು ಹೆಚ್ಚು ಹೊತ್ತು ನಿಂತದ್ದು ಈ ಮನೆಗಳ ಮುಂದಲ್ಲ, ಅಮೃತಸರೋವರವೆಂಬ ಕಲ್ಲುಮೆಟ್ಟಿಲಿನ ಕೊಳದ ಬಳಿಯಲ್ಲಿ. ಅರ್ಕಾವತಿ, ಪಾಲಾರ್, ಉತ್ತರ ಮತ್ತು ದಕ್ಷಿಣ ಪಿನಾಕಿನಿ ನದಿಗಳು ಈ ನಂದಿಯ ಸಾಲಿನಲ್ಲಿಯೇ ಹುಟ್ಟುತ್ತವೆಂದು ನಾವು ವಿವರಿಸುತ್ತಿರಲು, ಯಮನೂರಿನ ಹುಡುಗಿಯೊಬ್ಬಳು, “ಹಾಗಾದರೆ ಇಲ್ಲಿಯವರಿಗೆ ನೀರಿನ ಚಿಂತೆ ಇಲ್ಲವಲ್ಲ?” ಎಂದು ಕೇಳಿದಳು.

ಆ ಪ್ರಶ್ನೆಯ ಭಾರವು ನಮ್ಮ ಕಡೆಯವರಿಗೆ ತಿಳಿದದ್ದೇ. ನಮ್ಮ ಬೆಣ್ಣಿಹಳ್ಳವು ಮಳೆ ಬಂದರೆ ಹೊಲಗಳನ್ನು ಮುಳುಗಿಸುವುದು, ಮಳೆ ಹೋದರೆ ಬತ್ತುವುದು. ಮಹದಾಯಿಯ ನೀರಿಗಾಗಿ ನಡೆದ ಹೋರಾಟದಲ್ಲಿ, 2016ರ ಜುಲೈ ತಿಂಗಳಲ್ಲಿ, ಯಮನೂರಿನ ಮನೆಬಾಗಿಲುಗಳಿಗೇ ಲಾಠಿ ಬಂದಿತ್ತು. ಆಗ ಆ ಹುಡುಗಿ ತೊಟ್ಟಿಲ ಕೂಸು.

ಉತ್ತರವನ್ನು ನಾವು ಮುಚ್ಚಿಡಲಿಲ್ಲ. ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟಿದ ಕೆರೆಯಿಂದ 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿಯ ನೀರು ಬಂದಿತು. ಅದು ಸಾಲದೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಜಲಾಶಯವು 1933ರಲ್ಲಿ ಸಿದ್ಧವಾಯಿತು. ಬಳಿಕ ಬಯಲಿನಲ್ಲಿ ಕೊಳವೆಬಾವಿಗಳು ಹೆಚ್ಚಿ ನೆಲದೊಳಗಿನ ನೀರು ಆಳಕ್ಕೆ ಇಳಿಯಿತು, ನೀಲಗಿರಿಯ ತೋಪುಗಳು ಹಬ್ಬಿದವು, ಕೆರೆಯಿಂದ ಕೆರೆಗೆ ಹರಿಯುವ ಕಾಲುವೆಗಳು ಮುಚ್ಚಿದವು. ಬೆಟ್ಟ ಇದ್ದಲ್ಲಿಯೇ ಇದೆ, ಮಳೆಯೂ ಬೀಳುತ್ತದೆ. ನದಿಯು ಮಾತ್ರ ಬಹುಪಾಲು ದಿನ ಮರಳಿನ ಗೆರೆ. 1974ರಿಂದ ರಾಜಧಾನಿಯು ನೂರು ಕಿಲೋಮೀಟರು ದೂರದ ಕಾವೇರಿಯ ನೀರನ್ನು ಯಂತ್ರಗಳಿಂದ ಮೇಲಕ್ಕೆತ್ತಿ ತರಿಸಿಕೊಳ್ಳುತ್ತಿದೆ. ಹುಡುಗಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವರೂ ನಮ್ಮಂಥವರೇ,” ಎಂದಳು. ಪೂರ್ತಿ ನಿಜವಲ್ಲ, ಯಂತ್ರಗಳನ್ನು ಇಡುವ ಬಲ ಅವರಿಗುಂಟು, ನಮಗಿಲ್ಲ. ಆದರೆ ಅಲ್ಲಿ ಆ ವಾದವನ್ನು ಬೆಳೆಸಲಿಲ್ಲ.

ಇಳಿಯುವಾಗ ಬೆಟ್ಟದ ಬಳಿಯಲ್ಲಿಯೇ ಇರುವ ಮುದ್ದೇನಹಳ್ಳಿಗೆ ಹೋದೆವು. ಕನ್ನಂಬಾಡಿಯ ಕಟ್ಟೆಯ ಹೆಸರಿನೊಡನೆ ಸದಾ ನೆನೆಯಲ್ಪಡುವ ಎಂಜಿನಿಯರರಾದ ವಿಶ್ವೇಶ್ವರಯ್ಯನವರು ಹುಟ್ಟಿದ ಚಿಕ್ಕ ಮನೆಯೂ, 1962ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲಿ ಇವೆ. ಮೂರು ಅಂಕಣದ ನಮ್ಮ ಹಳ್ಳಿಯ ಮನೆಗಳಿಗಿಂತ ಅದೇನೂ ಬಹಳ ದೊಡ್ಡದಲ್ಲವೆಂಬುದನ್ನು ಮಕ್ಕಳೇ ಗಮನಿಸಿದರು.

ಹೆಸರಘಟ್ಟದ ಕೆರೆಯ ಏರಿಯನ್ನು ನೋಡುವುದಕ್ಕೆ ನಮಗೆ ಹೊತ್ತು ಸಾಲಲಿಲ್ಲ. ಮುಂದೆ ಹೋಗುವವರು ಒಂದು ದಿನವನ್ನು ಹೆಚ್ಚಿಗೆ ಇಟ್ಟುಕೊಂಡು ಹೊರಡಬೇಕು. ಪ್ರಶ್ನೆ ಕೇಳಿದ ಆ ಹುಡುಗಿಯು ಈಗಾಗಲೇ ತನ್ನ ಹೆಸರನ್ನು ಪಟ್ಟಿಯಲ್ಲಿ ಬರೆಸಿದ್ದಾಳೆ.