‘ಹಸಿ’ ಗೋಡಂಬಿ ಎಷ್ಟು ಹಸಿ?

ಸಂಡೂರು, ಕಂಪ್ಲಿಯ ಸಂತೆಯಲ್ಲಿ ‘ಹಸಿ ಶೇಂಗಾ’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಗಿಡದಿಂದ ಬಿಡಿಸಿದ, ಹುರಿಯದ, ಬೇಯಿಸದ ಕಾಯಿ ಅದು. ಸಿಪ್ಪೆಗೆ ಅಂಟಿದ ಮಣ್ಣೇ ಅದಕ್ಕೆ ಸಾಕ್ಷಿ. ಹೊಸಪೇಟೆಯ ಅಂಗಡಿಯಲ್ಲಿ ಪೊಟ್ಟಣದ ಗೋಡಂಬಿ, ಬಾದಾಮಿ ಕೊಳ್ಳುವವರಿಗೆ ಈ ಸಾಕ್ಷಿ ಸಿಗದು. ಅವರು ಚೀಟಿಯನ್ನೇ ನಂಬಬೇಕು. ಅಲ್ಲಿ ‘ಹಸಿ’ ಅಥವಾ ‘ರಾ’ ಎಂದಿದ್ದರೆ ಅದು ನಿಜವೇ?

ಗೋಡಂಬಿಯ ಮಟ್ಟಿಗೆ, ಬಹುತೇಕ ಅಲ್ಲ. ಗೇರುಬೀಜದ ಚಿಪ್ಪಿನೊಳಗಿನ ಎಣ್ಣೆ ಚರ್ಮವನ್ನು ಸುಡುತ್ತದೆ. ಆದ್ದರಿಂದ ಕರಾವಳಿಯ ಕಾರ್ಖಾನೆಗಳಲ್ಲಿ ಬೀಜವನ್ನು ಹಬೆಯಲ್ಲಿ ಬೇಯಿಸಿ ಅಥವಾ ಹುರಿದು, ನಂತರ ಒಡೆಯುತ್ತಾರೆ. ತಿರುಳನ್ನು ಮತ್ತೆ ಬಿಸಿಗಾಳಿಯಲ್ಲಿ ಒಣಗಿಸಿ ಹೊಟ್ಟು ತೆಗೆಯುತ್ತಾರೆ. ವ್ಯಾಪಾರಿಯ ‘ಹಸಿ’ಗೆ ‘ತಿನ್ನಲೆಂದು ಹುರಿದಿಲ್ಲ’ ಎಂಬಷ್ಟೇ ಅರ್ಥ.

ಬಾದಾಮಿಯ ಕಥೆ ಬೇರೆ. ಕ್ಯಾಲಿಫೋರ್ನಿಯಾದ ಹಸಿ ಬಾದಾಮಿ ತಿಂದವರಲ್ಲಿ 2001 ಮತ್ತು 2004ರಲ್ಲಿ ಸಾಲ್ಮೊನೆಲ್ಲಾ ಸೋಂಕು ಪತ್ತೆಯಾಯಿತು. 2007ರ ಸೆಪ್ಟೆಂಬರ್‌ನಿಂದ ಅಲ್ಲಿನ ಬಾದಾಮಿಗೆ ಪಾಶ್ಚೀಕರಣ ಕಡ್ಡಾಯವಾಯಿತು. ಹಬೆ ಒಂದು ವಿಧಾನ. ಪ್ರೊಪಿಲೀನ್ ಆಕ್ಸೈಡ್ ಎಂಬ ಅನಿಲ ಇನ್ನೊಂದು. ಐರೋಪ್ಯ ಒಕ್ಕೂಟದಲ್ಲಿ ಆಹಾರಕ್ಕೆ ಈ ಅನಿಲ ಬಳಸುವಂತಿಲ್ಲ. ಹೀಗೆ ಸಂಸ್ಕರಿಸಿದ ಮೇಲೂ ಅಮೆರಿಕದಲ್ಲಿ ‘ರಾ’ ಎಂದೇ ಮಾರಲು ಅಡ್ಡಿಯಿಲ್ಲ. ಉತ್ತರ ಅಮೆರಿಕದ ಹೊರಗೆ ಕಳಿಸುವ ಸರಕಿಗೆ ಈ ಕಡ್ಡಾಯವೂ ಇಲ್ಲ. ಹಾಗಾಗಿ ನಮ್ಮೂರಿಗೆ ಬರುವ ಕ್ಯಾಲಿಫೋರ್ನಿಯಾ ಬಾದಾಮಿ ಪಾಶ್ಚೀಕರಣಗೊಂಡಿದೆಯೇ ಎಂಬುದು ‘ರಾ’ ಎಂಬ ಒಂದೇ ಪದದಿಂದ ತಿಳಿಯದು. ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಬಸುರಿಗೆ, ಮಗುವಿಗೆ ಕೊಡುವ ಮನೆಯವರಿಗೆ ಇದು ಸಣ್ಣ ಸಂಗತಿಯಲ್ಲ.

ಪಾಶ್ಚೀಕರಣ ದೋಷವೇನಲ್ಲ, ರಕ್ಷಣೆ. ದೋಷವಿರುವುದು ಅದನ್ನು ಮುಚ್ಚಿಡುವುದರಲ್ಲಿ. ನಂದಿನಿ ಹಾಲಿನ ಪೊಟ್ಟಣದ ಮೇಲೆ ಪಾಶ್ಚೀಕರಿಸಿದ ಹಾಲು ಎಂದು ಅಚ್ಚಾಗಿರುತ್ತದೆ. ಅದನ್ನು ಓದಿ ಹಾಲು ಬಿಟ್ಟವರುಂಟೇ? ಹಾಲಿಗೆ ಸಲ್ಲುವ ಪ್ರಾಮಾಣಿಕತೆ ಬಾದಾಮಿಗೇಕೆ ಸಲ್ಲದು?

ಭಾರತದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳು ‘ತಾಜಾ’, ‘ಶುದ್ಧ’, ‘ನೈಸರ್ಗಿಕ’ ಎಂಬ ಪದಗಳನ್ನು ಮನಬಂದಂತೆ ಬಳಸದಂತೆ ಕಡಿವಾಣ ಹಾಕಿವೆ. ‘ಹಸಿ’ಯ ಪಕ್ಕದಲ್ಲೂ ‘ಹಬೆಯಲ್ಲಿ ಬೇಯಿಸಿದ್ದು’, ‘ಪಾಶ್ಚೀಕರಿಸಿದ್ದು’ ಎಂಬ ಒಂದು ಪದ ಸೇರಿಸಿದರೆ ವ್ಯಾಪಾರಿಗೆ ನಷ್ಟವೇನಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಹೇಳಿದ್ದರು. ಹುರಿಯದ್ದೆಲ್ಲ ಹಸಿಯೂ ಅಲ್ಲ.