ಮಳೆಯನ್ನು ಅಳೆಯುವ ಹವ್ಯಾಸ

ಮನುಷ್ಯನ ಹವ್ಯಾಸಗಳು ಬಗೆಬಗೆಯವು. ಅಂಚೆಚೀಟಿಗಳನ್ನು ಸಂಗ್ರಹಿಸುವವರುಂಟು; ಹಕ್ಕಿಗಳನ್ನು ವೀಕ್ಷಿಸುವವರುಂಟು. ಬಿರುಗಾಳಿಯನ್ನೇ ಬೆನ್ನಟ್ಟುವವರೂ ಇದ್ದಾರೆಂದರೆ ಆಶ್ಚರ್ಯವೆನಿಸೀತು. ಅಮೆರಿಕದ ವಿಶಾಲವಾದ ಬಯಲುಗಳಲ್ಲಿ ವಸಂತಕಾಲದಲ್ಲಿ ಭೀಕರ ಸುಂಟರಗಾಳಿಗಳು ಏಳುತ್ತವೆ. 1956ರಲ್ಲಿಯೇ ಅವುಗಳ ಬೆನ್ನುಹತ್ತಿದ ಡೇವಿಡ್ ಹೋಡ್ಲಿ ಎಂಬವರು ಈ ಹವ್ಯಾಸದ ಮೊದಲಿಗರೆಂದು ಹೆಸರಾಗಿದ್ದಾರೆ. ಇದು ಅಪಾಯದ ಹವ್ಯಾಸ. 2013ರ ಮೇ 31ರಂದು ಓಕ್ಲಹೋಮ ರಾಜ್ಯದ ಎಲ್ ರೆನೊ ಎಂಬಲ್ಲಿ ಸುಂಟರಗಾಳಿಯ ಅಧ್ಯಯನಕ್ಕೆ ಹೋಗಿದ್ದ ಟಿಮ್ ಸಮರಾಸ್, ಅವರ ಮಗ ಮತ್ತು ಸಂಗಡಿಗರೊಬ್ಬರು ಅದಕ್ಕೇ ಬಲಿಯಾದರು.

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಮಳೆಯನ್ನು ಅರಸಿಕೊಂಡು ಹೋಗಬೇಕಾಗಿಲ್ಲ. ಅದೇ ಮನೆಯಂಗಳಕ್ಕೆ ಬರುತ್ತದೆ. ಅರಬ್ಬೀ ಸಮುದ್ರದ ತೇವವನ್ನು ಹೊತ್ತ ನೈಋತ್ಯ ಮಾರುತವು ಪಶ್ಚಿಮ ಘಟ್ಟಗಳಿಗೆ ತಾಗಿ ಮೇಲೇರುತ್ತದೆ. ಮೇಲೇರಿದಂತೆ ತಣಿದು ಮಳೆಯಾಗಿ ಸುರಿಯುತ್ತದೆ. ಆ ನೀರೇ ಕುಮಾರಧಾರೆಯಾಗಿ, ಪಯಸ್ವಿನಿಯಾಗಿ ಹರಿಯುತ್ತದೆ. ಇಲ್ಲಿನ ಕೆಲವು ಅಡಕೆ ಕೃಷಿಕರು ಈ ಮಳೆಯನ್ನು ದಿನದಿನವೂ ಅಳೆದು ಬರೆದಿಡುವುದನ್ನು ಹವ್ಯಾಸವಾಗಿಸಿಕೊಂಡಿದ್ದಾರೆ. ಸುಳ್ಯ ತಾಲೂಕಿನ ಬಾಳಿಲದಲ್ಲಿ ಕೃಷಿಕರೊಬ್ಬರು 1976ರಿಂದ ಇಂತಹ ದಾಖಲೆಯನ್ನು ಇಟ್ಟುಕೊಂಡು ಬಂದಿದ್ದಾರೆ.

ಇದಕ್ಕೆ ಬೇಕಾದ ಸಲಕರಣೆ ಅಲ್ಪ: ಆಲಿಕೆಯುಳ್ಳ ಒಂದು ಮಳೆಮಾಪಕ, ಗೆರೆ ಹಾಕಿದ ಒಂದು ಅಳತೆಯ ಪಾತ್ರೆ, ಒಂದು ಪುಸ್ತಕ. ಆದರೆ ನಿಯಮಗಳು ಕಟ್ಟುನಿಟ್ಟಾದವು. ಮಾಪಕವನ್ನು ತೋಟದೊಳಗೆ ಇಡಬಾರದು. ಅಡಕೆಮರದ ಸೋಗೆ ಮಳೆಯನ್ನು ತಡೆಯುತ್ತದೆ, ಇಲ್ಲವೆ ಹನಿಗಳನ್ನು ಕೂಡಿಸಿ ಸುರಿಸುತ್ತದೆ. ಮರ, ಮಾಡುಗಳಿಂದ ದೂರವಿರುವ ಬಯಲೇ ಆಗಬೇಕು. ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಿಗ್ಗೆ 8-30ಕ್ಕೆ ಅಳೆಯಬೇಕು. ಮಳೆ ಬಾರದ ದಿನ ಸೊನ್ನೆಯನ್ನು ಬರೆಯಬೇಕು. ಒಂದು ದಿನ ಅಳೆಯಲು ತಪ್ಪಿದರೆ ಊಹೆಯಿಂದ ಅಂಕಿ ತುಂಬಬಾರದು. ಒಂದು ಸುಳ್ಳು ಅಂಕಿ ಹತ್ತು ನಿಜದ ಅಂಕಿಗಳನ್ನೂ ಸಂಶಯಕ್ಕೆ ಈಡುಮಾಡುತ್ತದೆ.

ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಹೀಗಾಗಿ 100 ಮಿಲಿಮೀಟರ್ ಮಳೆ ಬಂದ ದಿನ ಒಂದು ಎಕರೆ ತೋಟಕ್ಕೆ ಸುಮಾರು 4 ಲಕ್ಷ ಲೀಟರ್ ನೀರು ಬಿದ್ದಿರುತ್ತದೆ!

ಈ ಲೆಕ್ಕದಿಂದ ಏನು ಪ್ರಯೋಜನ? ಅಡಕೆಯನ್ನು ಕಾಡುವ ಕೊಳೆರೋಗ ಬಿಡುವಿಲ್ಲದ ಮಳೆಯಲ್ಲಿ ಹಬ್ಬುತ್ತದೆ. ಮೈಲುತುತ್ತು, ಸುಣ್ಣಗಳಿಂದ ತಯಾರಿಸಿದ ಬೋರ್ಡೋ ದ್ರಾವಣವನ್ನು ಮಳೆ ಬಿರುಸಾಗುವ ಮೊದಲೇ ಸಿಂಪಡಿಸಬೇಕು. ಹಲವು ವರ್ಷಗಳ ದಾಖಲೆಯುಳ್ಳವನಿಗೆ ಆ ಹೊತ್ತನ್ನು ಅಂದಾಜು ಮಾಡುವುದು ಸುಲಭ.

ಇದಕ್ಕಿಂತ ಹಿರಿದಾದ ಪ್ರಯೋಜನವೂ ಉಂಟು. 2018ರ ಆಗಸ್ಟ್ ತಿಂಗಳಿನಲ್ಲಿ ಸುಳ್ಯದ ಗಡಿಗೆ ತಾಗಿರುವ ಕೊಡಗಿನ ಜೋಡುಪಾಲದಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು. ಮನೆಮಠ ತೊರೆದು ಬಂದವರಿಗೆ ಸುಳ್ಯದ ಕಡೆಯ ಊರುಗಳು ಆಸರೆಯಿತ್ತವು. ಗುಡ್ಡ ಜರಿಯುವುದು ಆ ಒಂದು ದಿನದ ಮಳೆಯಿಂದಲೇ ಅಲ್ಲ. ವಾರಗಟ್ಟಲೆ ನೀರು ಕುಡಿದು ಭಾರವಾದ ಮಣ್ಣು ತನ್ನ ಹಿಡಿತವನ್ನು ಕಳೆದುಕೊಂಡಿರುತ್ತದೆ. ಕಡೆಯ ಜಡಿಮಳೆ ಅದನ್ನು ಉರುಳಿಸುತ್ತದೆ. ಆದ್ದರಿಂದ ಇಂದು ಎಷ್ಟು ಸುರಿಯಿತು ಎಂಬುದರೊಡನೆ ಈವರೆಗೆ ಎಷ್ಟು ಸುರಿದಿದೆ ಎಂಬುದೂ ತಿಳಿದಿರಬೇಕು. ಒಂದು ಊರಿನಲ್ಲಿ ಸುರಿದ ಮಳೆ ನೆರೆಯೂರಿನಲ್ಲಿ ಇಲ್ಲದಿರಬಹುದು. ದೂರದ ಪಟ್ಟಣದ ಮಾಪಕ ಹೇಳಲಾರದ ಸಂಗತಿಯನ್ನು ಹಳ್ಳಿಯ ಅಂಗಳದ ಮಾಪಕ ಹೇಳಬಲ್ಲದು. ಈಗ ಕೃಷಿಕರು ತಮ್ಮ ಅಂಕಿಗಳನ್ನು ಮೊಬೈಲ್ ಮೂಲಕ ಬೆಳಿಗ್ಗೆಯೇ ಒಬ್ಬರಿಗೊಬ್ಬರು ತಿಳಿಸುತ್ತಾರೆ.

"ಹಿಂದಿನ ಮಳೆ ಈಗಿಲ್ಲ" ಎಂದು ಹಿರಿಯರು ಹೇಳುವುದುಂಟು. ನೆನಪು ಮಬ್ಬಾಗುತ್ತದೆ, ಬರೆದಿಟ್ಟ ಅಂಕಿ ಮಬ್ಬಾಗುವುದಿಲ್ಲ. ಆ ಮಾತು ದಿಟವೋ ಅಲ್ಲವೋ ಎಂಬುದನ್ನು ನಿರ್ಣಯಿಸಲು ಹಲವು ದಶಕಗಳ ಪುಸ್ತಕವೇ ಬೇಕು. ಅಂತಹ ಪುಸ್ತಕದ ಮೊದಲ ಪುಟವನ್ನು ಇಂದಿನ ವಿದ್ಯಾರ್ಥಿಯೂ ತನ್ನ ಮನೆಯಂಗಳದಲ್ಲಿ ಆರಂಭಿಸಬಹುದು.