ಗುರುವಾರದ ಪತ್ರಿಕೆ ಮತ್ತು ನಮ್ಮ ಹಳ್ಳಿಯ ಶರತ್ಕಾಲ



ಜರ್ಮನಿಯಲ್ಲಿರುವ ನಮ್ಮವರಲ್ಲಿ ಅನೇಕರು ಮ್ಯೂನಿಕ್, ಫ್ರಾಂಕ್‌ಫರ್ಟ್, ಬರ್ಲಿನ್‌ನಂಥ ದೊಡ್ಡ ಊರುಗಳಲ್ಲಿದ್ದಾರೆ. ಅಲ್ಲಿನ ಬಾಡಿಗೆಗೆ ಬೇಸತ್ತು ಹಳ್ಳಿಯ ಕಡೆ ಹೊರಟವರೂ ಇದ್ದಾರೆ. ನಾವೂ ಅಂಥವರೇ. ಷ್ಟುಟ್‌ಗಾರ್ಟ್‌ನಿಂದ ರೈಲು, ಬಸ್ಸು ಸೇರಿ ಒಂದು ಗಂಟೆ ದೂರದ ಚಿಕ್ಕ ಹಳ್ಳಿಯೊಂದರಲ್ಲಿ ಮೂರು ವರ್ಷದಿಂದ ಇದ್ದೇವೆ. ಮುಂದೆ ಹೀಗೆ ಬರುವವರಿಗೆ ಉಪಯೋಗವಾದೀತು ಅಂತ ಈ ನಾಲ್ಕು ಮಾತು.

ಹಳ್ಳಿಗೆ ಬಂದವರು ಮೊದಲು ಪರಿಚಯ ಮಾಡಿಕೊಳ್ಳಬೇಕಾದದ್ದು 'ಆಮ್ಟ್ಸ್‌ಬ್ಲಾಟ್' ಎಂಬ ಪತ್ರಿಕೆಯನ್ನು. ಇದನ್ನು ಹೊರಡಿಸುವುದು ಊರಿನ ಪಂಚಾಯಿತಿ, ಸಾಮಾನ್ಯವಾಗಿ ವಾರಕ್ಕೊಮ್ಮೆ. ನಮ್ಮಲ್ಲಿ ಗುರುವಾರ ಬರುತ್ತದೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ತಮಟೆ ಬಾರಿಸಿ ಡಂಗುರ ಸಾರುತ್ತಿದ್ದರಲ್ಲ, ಅದೇ ಕೆಲಸ. ಸದ್ದು ಮಾತ್ರ ಇಲ್ಲ. ಯಾವ ದಿನ ಯಾವ ಕಸದ ಡಬ್ಬಿ ಹೊರಗಿಡಬೇಕು, ಭಾನುವಾರ ತೆರೆದಿರುವ ಔಷಧಿ ಅಂಗಡಿ ಯಾವುದು, ಪಂಚಾಯಿತಿ ಸಭೆಯಲ್ಲಿ ಏನಾಯಿತು, ಯಾರ ಬೆಕ್ಕು ಕಳೆದುಹೋಗಿದೆ, ಎಲ್ಲವೂ ಅದರಲ್ಲೇ. 70 ತುಂಬಿದವರ ಹೆಸರೂ ಬರುತ್ತದೆ. ಆಮೇಲೆ ಐದು ವರ್ಷಕ್ಕೊಮ್ಮೆ, ನೂರು ತುಂಬಿದ ಮೇಲೆ ಪ್ರತಿ ವರ್ಷ! ಕಾನೂನು ಅವಕಾಶ ಕೊಟ್ಟಿರುವುದು ಅಷ್ಟಕ್ಕೆ. ಬೇಡ ಎನ್ನುವವರು ಮೊದಲೇ ತಿಳಿಸಬಹುದು.

ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಪತ್ರಿಕೆ ದಪ್ಪಗಾಗುತ್ತದೆ. ಮೊದಲು ಬರುವುದು ಸೇಬಿನ ಸುದ್ದಿ. ನಮ್ಮ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಹುಲ್ಲುಗಾವಲುಗಳಲ್ಲಿ ಅಲ್ಲಲ್ಲಿ ಚದುರಿ ನಿಂತ ಹಣ್ಣಿನ ಮರಗಳೇ ಸುಮಾರು 70 ಲಕ್ಷ ಇವೆ. 2021ರಲ್ಲಿ ಈ ಬಗೆಯ ಬೇಸಾಯವನ್ನು ಜರ್ಮನಿಯ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿಸಿದರು. ತೋಟಕ್ಕೆ ಬೇಲಿ ಇಲ್ಲ ಅಂತ ಕೈ ಹಾಕಬೇಡಿ, ಪ್ರತಿ ಮರಕ್ಕೂ ಯಜಮಾನ ಇದ್ದಾನೆ. ಆದರೆ ಎಷ್ಟೋ ಊರುಗಳಲ್ಲಿ ಕೊಯ್ಯುವ ಶಕ್ತಿ ಇಲ್ಲದ ಮುದುಕರು ಮರಕ್ಕೆ ಹಳದಿ ರಿಬ್ಬನ್ ಕಟ್ಟುತ್ತಾರೆ. ನೋಡಲು ಹರಕೆ ಕಟ್ಟಿದ ಮರದ ಹಾಗೇ ಇರುತ್ತದೆ. ಅರ್ಥ ಏನೆಂದರೆ, ಮನೆಗೆ ಬೇಕಾದಷ್ಟನ್ನು ಯಾರಾದರೂ ಕೀಳಬಹುದು. ಹಾಗೆ ಕಿತ್ತದ್ದನ್ನು ರಸ ತೆಗೆಯುವ ಗಿರಣಿಗೆ ಒಯ್ದರೆ 100 ಕಿಲೋಗೆ 60-70 ಲೀಟರ್ ರಸ ಸಿಗುತ್ತದೆ. ಅದನ್ನು ಬಿಸಿಮಾಡಿ ನಲ್ಲಿ ಇರುವ ಚೀಲದಲ್ಲಿ ತುಂಬಿ ಕೊಡುತ್ತಾರೆ. ತೆರೆದ ಮೇಲೂ ವಾರಗಟ್ಟಲೆ ಕೆಡುವುದಿಲ್ಲ. ಗಿರಣಿಯ ದಿನ, ಫೋನ್ ನಂಬರ್ ಎಲ್ಲ ಪತ್ರಿಕೆಯಲ್ಲೇ ಇರುತ್ತದೆ.

ಇದೇ ಹೊತ್ತಿಗೆ ಬರುವುದು ಇನ್ನೂ ಹುದುಗುತ್ತಿರುವ ಹೊಸ ವೈನ್ ಮತ್ತು ಈರುಳ್ಳಿ ಕೇಕು. ಶಾಕಾಹಾರಿಗಳು ಕೇಕನ್ನು ಕೇಳಿಯೇ ತಿನ್ನಿ, ಹಂದಿಮಾಂಸದ ಚೂರು ಹಾಕುವುದು ರೂಢಿ. ಆ ವೈನ್ ಬಾಟಲಿಗೆ ಬಿಗಿ ಮುಚ್ಚಳ ಇರುವುದಿಲ್ಲ, ಕಾರಿನಲ್ಲಿ ಮಲಗಿಸಿ ತರಬೇಡಿ!

ಆಮೇಲೆ ತರಗೆಲೆ. ಮನೆ ಮುಂದಿನ ಫುಟ್‌ಪಾತ್ ಗುಡಿಸುವ ಹೊಣೆಯನ್ನು ಪಂಚಾಯಿತಿ ಮನೆಯ ಮಾಲೀಕರ ಮೇಲೆ ಹಾಕುತ್ತದೆ, ಮಾಲೀಕರು ಬಾಡಿಗೆ ಕರಾರಿನಲ್ಲಿ ನಮ್ಮ ಮೇಲೆ ಹಾಕುತ್ತಾರೆ. ಒದ್ದೆ ಎಲೆಯ ಮೇಲೆ ಜಾರಿ ಯಾರಾದರೂ ಕಾಲು ಮುರಿದುಕೊಂಡರೆ ಪರಿಹಾರ ಕೇಳಬಹುದು. ಆದ್ದರಿಂದ ಕರಾರು ಓದಿಕೊಳ್ಳಿ, ಹೊಣೆಗಾರಿಕೆಯ ವಿಮೆ ಮಾಡಿಸಿಕೊಳ್ಳಿ. ಎಲೆ ಊದುವ ಯಂತ್ರಕ್ಕೂ ಸಮಯ ಉಂಟು: ವಸತಿ ಪ್ರದೇಶದಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ 9ರಿಂದ 1, ಮಧ್ಯಾಹ್ನ 3ರಿಂದ 5, ಭಾನುವಾರ ಇಲ್ಲವೇ ಇಲ್ಲ. ನನ್ನ ಮಟ್ಟಿಗೆ ಪೊರಕೆಯೇ ವಾಸಿ. ಗುಡಿಸುವಾಗ ನಿಂತು ಮಾತಾಡಿಸುವಷ್ಟು ಜನ ಬೇರೆ ಯಾವಾಗಲೂ ಮಾತಾಡಿಸುವುದಿಲ್ಲ.

ಆದರೆ ಈ ಶರತ್ಕಾಲದಲ್ಲಿ ನಮ್ಮ ಪತ್ರಿಕೆಯ ಮುಖ್ಯ ಸುದ್ದಿ ಎಲೆಯೂ ಅಲ್ಲ, ಸೇಬೂ ಅಲ್ಲ, ಅಗ್ನಿಶಾಮಕ ದಳ. ಬೆಂಗಳೂರಿನಲ್ಲಿ ಬೆಳೆದ ನಮಗೆ ಅದು ಸರ್ಕಾರದ ಇಲಾಖೆ, 101ಕ್ಕೆ ಫೋನ್ ಮಾಡಿದರೆ ಗಾಡಿ ಬರುತ್ತದೆ. ಇಲ್ಲಿ ಸಂಬಳದ ಅಗ್ನಿಶಾಮಕ ದಳ ಇರುವುದು ಇಡೀ ದೇಶದಲ್ಲಿ ನೂರಕ್ಕಿಂತ ಸ್ವಲ್ಪ ಹೆಚ್ಚು ನಗರಗಳಲ್ಲಿ ಮಾತ್ರ. ಉಳಿದ ಕಡೆ ಬಹುಪಾಲು ಊರಿನವರೇ ನಡೆಸುತ್ತಾರೆ: ಬಡಗಿ, ಬೇಕರಿಯವನು, ಶಾಲೆಯ ಟೀಚರ್. ದೇಶದಲ್ಲಿ ಇಂಥ ಸ್ವಯಂಸೇವಕರು ಸುಮಾರು 10 ಲಕ್ಷ. ನೀವು 112 ಒತ್ತಿದರೆ ಅವರ ಸೊಂಟದ ಪೇಜರ್ ಕೂಗುತ್ತದೆ, ಕೈಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಾರೆ. ನಮ್ಮ ರಾಜ್ಯದಲ್ಲಿ ಪೇಜರ್ ಕೂಗಿದ 10 ನಿಮಿಷದೊಳಗೆ 9 ಜನರ ಮೊದಲ ತಂಡ ಸ್ಥಳದಲ್ಲಿರಬೇಕು ಎಂಬುದು ಗುರಿ.

ಅಕ್ಟೋಬರ್‌ನಲ್ಲಿ ಅವರ ದೊಡ್ಡ ಕವಾಯತು. ಈ ಸಲ ಒಂದು ಕೊಟ್ಟಿಗೆಗೆ ಬೆಂಕಿ ಬಿದ್ದಿದೆ ಅಂತ ಕಟ್ಟಿಕೊಂಡು, ಹೊಗೆ ಎಬ್ಬಿಸಿ, ಏಣಿ ಹಾಕಿ ಮಾಡಿ ತೋರಿಸಿದರು. ಊರಿಗೆ ಊರೇ ಸಾಸೇಜ್ ತಿನ್ನುತ್ತಾ ನೋಡಿತು. ಮುಂದಿನ ಗುರುವಾರದ ವರದಿಯಲ್ಲಿ ಹೊಗಳಿಕೆಯ ಕೆಳಗೆ ಒಂದು ಮಾತಿತ್ತು: ಕವಾಯತು ಶನಿವಾರ ನಡೆದದ್ದರಿಂದ ಜನ ಇದ್ದರು, ಮಂಗಳವಾರ ಬೆಳಿಗ್ಗೆ 11ಕ್ಕೆ ನಿಜವಾಗಿ ಬೆಂಕಿ ಬಿದ್ದರೆ ಒಂಬತ್ತು ಜನ ಸೇರುವುದೇ ಕಷ್ಟ. ನಿಜ. ವಾರದ ದಿನಗಳಲ್ಲಿ ದುಡಿಯುವ ವಯಸ್ಸಿನವರೆಲ್ಲ ಪಟ್ಟಣದಲ್ಲಿರುತ್ತಾರೆ. ಆ ಹೊತ್ತಿನಲ್ಲಿ ಊರಲ್ಲಿರುವುದು ಮುದುಕರು, ಮಕ್ಕಳು, ಮತ್ತೆ ನನ್ನಂಥ ಮನೆಯಿಂದ ಕೆಲಸ ಮಾಡುವ ಸಾಫ್ಟ್‌ವೇರ್‌ನವರು.

ಹಾಗಾಗಿ ವಿಚಾರಿಸಿದೆ. ಜರ್ಮನ್ ಪೌರತ್ವ ಬೇಕಿಲ್ಲ. ಆದೇಶ ಅರ್ಥವಾಗುವಷ್ಟು ಭಾಷೆ, ಆರೋಗ್ಯ ಮತ್ತು ಸಮಯ ಬೇಕು. ಮೂಲ ತರಬೇತಿಯ ಮೊದಲ ಭಾಗವೇ ಕನಿಷ್ಠ 70 ಗಂಟೆ, ಹೆಚ್ಚಾಗಿ ಸಂಜೆ ಮತ್ತು ಶನಿವಾರ. ಹತ್ತು ವರ್ಷದ ಮಕ್ಕಳಿಗೂ ಕಿರಿಯರ ದಳ ಇದೆ. ನಮ್ಮ ಮಗ ಆಗಲೇ ಹೆಲ್ಮೆಟ್‌ನ ಕನಸು ಕಾಣುತ್ತಿದ್ದಾನೆ, ಇನ್ನೂ ಎರಡು ವರ್ಷ ಕಾಯಬೇಕು. ಅಲ್ಲಿಯವರೆಗೆ ಅವನಿಗೆ ನವೆಂಬರ್ 11ರ ಮಾರ್ಟಿನ್ ಹಬ್ಬದ ಲಾಟೀನು ಮೆರವಣಿಗೆ. ಅಲ್ಲೂ ಕತ್ತಲಲ್ಲಿ ಅಡ್ಡ ನಿಂತು ವಾಹನ ತಡೆಯುವವರು ಇದೇ ದಳದವರು.

ನನ್ನ ಶ್ರೀಮತಿ ಕೇಳಿದ್ದು ಒಂದೇ ಪ್ರಶ್ನೆ: "ಕ್ಲೈಂಟ್ ಮೀಟಿಂಗ್ ಮಧ್ಯೆ ಪೇಜರ್ ಕೂಗಿದರೆ ಏನ್ರೀ ಮಾಡ್ತೀರಿ?" ಕಾನೂನಿನ ಪ್ರಕಾರ ಕಂಪನಿ ಬಿಟ್ಟು ಕಳಿಸಬೇಕು, ಸಂಬಳ ಕಡಿಯುವಂತಿಲ್ಲ, ಆ ಹೊತ್ತಿನ ಸಂಬಳವನ್ನು ಖಾಸಗಿ ಕಂಪನಿ ಪಂಚಾಯಿತಿಯಿಂದ ಕೇಳಿ ಪಡೆಯಬಹುದು. ಮ್ಯಾನೇಜರ್‌ಗೆ ಇದನ್ನು ಬರೆದೆ. ಅವರೂ ತಮ್ಮ ಹಳ್ಳಿಯ ದಳದಲ್ಲಿ ಹತ್ತು ವರ್ಷ ಇದ್ದವರಂತೆ!

ಹೊಸ ತರಬೇತಿ ಜನವರಿಯಲ್ಲಿ. ಹೆಸರು ಕೊಟ್ಟಿದ್ದೇನೆ. ಬೂಟಿನ ಅಳತೆ ಕೇಳಿದ್ದರು, 42 ಅಂತ ಬರೆದು ಕಳಿಸಿದೆ.